ಹುಳ ಜ್ವರಕ್ಕೆ ಹೋದ ದಿನ

ಅಕ್ಕೂರು,
28-11-2025, ಶುಕ್ರವಾರ

ನನ್ನ ಲತಕ್ಕನಿಗೆ,

ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ ಅಂತ ಬರೆದು ಶುರುಮಾಡಬೇಕಂತೆ. ಅವ್ವ ಹೇಳಿಕೊಟ್ಟಳು. ನಾನು ನಂಬಿಕೊಂಡು ಕೂರುವವಳಲ್ಲ, ನಿನಗೇ ಗೊತ್ತು. ನೀನು ಕ್ಷೇಮವಾಗಿದ್ದೀಯ. ಮೊನ್ನೆ ಬುಧವಾರ ಸೋಲೂರಿಗೆ ಬಂದು ಕಣ್ಣಾರೆ ನೋಡಿಕೊಂಡು ಹೋದೆ. ನೀನು ನನ್ನನ್ನು ನೋಡಲಿಲ್ಲ, ಅಷ್ಟೆ.

ಇಷ್ಟು ಹೊತ್ತಿಗೆ ನಿನ್ನ ಅತ್ತೆ ವಿಷಯ ಹೇಳಿರುತ್ತಾರೆ. ತಂಗಿ ಸೈಕಲ್ಲಿನಲ್ಲಿ ಬಂದಿದ್ದಳು, ಬಾಗಿಲಿನಿಂದಲೇ ವಾಪಸ್ ಹೋದಳು ಅಂತ. ನೀನು ಕೋಪ ಮಾಡಿಕೊಂಡಿರುತ್ತೀಯ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಅಪ್ಪನದು, ಅಪ್ಪ ಪಕ್ಕದಲ್ಲೇ ಕೂತಿರುತ್ತಾನೆ. ನಿಮ್ಮ ಕಡೆ ಸ್ಪೀಕರ್ ಹಾಕಿರುತ್ತೀರಿ, ಭಾವ ಹಿಂದಿನಿಂದ ಏನಾದರೂ ಕೂಗುತ್ತಾರೆ. ಅದೂ ಅಲ್ಲದೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ನೀನು ಬಾಯಿ ಹಾಕುವ ಹಾಗಿಲ್ಲ. ಕಾಲೇಜು ಬಿಟ್ಟಮೇಲೆ ನಾನು ಪೆನ್ನು ಹಿಡಿದದ್ದು ಇವತ್ತೇ. ಅಕ್ಷರ ಓಡಾಡಿದ್ದರೆ ಸಹಿಸಿಕೋ.

ಮಂಗಳವಾರ ಸಾಯಂಕಾಲ ನಮ್ಮ ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ ಹೋದವು. ಈ ಸಲ ಒಂದೂ ಹಿಂದೆ ಬೀಳಲಿಲ್ಲ ಅಕ್ಕ. ಎಲ್ಲವೂ ಒಟ್ಟಿಗೆ ಸೊಪ್ಪು ಬಿಟ್ಟು, ಮೈ ಬಿಗಿ ಮಾಡಿಕೊಂಡು, ತಲೆ ಎತ್ತಿಕೊಂಡು ನಿದ್ದೆಗೆ ಇಳಿದವು. ಹಳೇ ಪೊರೆ ಕಳಚಿ ಮತ್ತೆ ಏಳುವ ತನಕ ಸೊಪ್ಪು ಕೊಯ್ಯುವುದಿಲ್ಲ, ಸೊಪ್ಪು ಹಾಕುವುದಿಲ್ಲ, ಜೋರಾಗಿ ಮಾತಾಡುವುದೂ ಇಲ್ಲ. ನೀನಿದ್ದಾಗ ಆ ದಿನ ನಾವಿಬ್ಬರೂ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದೆವಲ್ಲ. ನೀನು ಹೋದಮೇಲೆ ಆ ದಿನ ಬಂದರೆ ನನಗೆ ಕೈ ಎಲ್ಲಿಡುವುದು, ಕಾಲು ಎಲ್ಲಿಡುವುದು ತಿಳಿಯುವುದಿಲ್ಲ. ಮನೆ ತುಂಬ ಅಷ್ಟೊಂದು ಜೀವ ಮಲಗಿದೆ, ನಾನೊಬ್ಬಳೇ ಎಚ್ಚರ ಅನ್ನಿಸುತ್ತದೆ.

ಅದಕ್ಕೇ ಮಂಗಳವಾರವೇ ಅಪ್ಪನಿಗೆ ಹೇಳಿದೆ. ನಾಳೆ ಸೈಕಲ್ಲಿನಲ್ಲಿ ಸೋಲೂರಿಗೆ ಹೋಗುತ್ತೇನೆ, ಲತಕ್ಕನನ್ನು ಕರೆದುಕೊಂಡು ಬರುತ್ತೇನೆ ಅಂದೆ. ಅಪ್ಪ ಮುದ್ದೆ ಮುರಿಯುತ್ತಾ, "ಹೋಗು ಮಗ, ಹಂಗೇ ದಿಲ್ಲಿಗೂ ಒಂದ್ ರೌಂಡ್ ಹೋಗ್ಬುಟ್ಟು ಬಾ" ಅಂದ. ನಾನು ಹೇಳದೆ ಹೋದೆ ಅಂತ ಈಗ ಊರಿಗೆಲ್ಲ ಹೇಳುತ್ತಿದ್ದಾನೆ. ನಾನು ಹೇಳಿಯೇ ಹೋದೆ. ನಿಜ ಹೇಳಿದರೆ ಈ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಹೌದು, ನಿನ್ನನ್ನು ಕರೆದುಕೊಂಡು ಬರಲಿಕ್ಕೇ ಹೊರಟಿದ್ದು. ನಗಬೇಡ. ಹೋದ ವಾರ ನೀನು ಫೋನಿನಲ್ಲಿ, "ನೀನಿಲ್ದೆ ಇಲ್ಲಿ ಏನೂ ತೋಚಲ್ಲ ಕಣೆ ನವ್ಯಾ, ಒಂದ್ಸಲ ಬಂದೋಗೆ" ಅಂದೆ. ಆಮೇಲೆ ಯಾರೋ ಕರೆದರು, ನೀನು ಇಟ್ಟುಬಿಟ್ಟೆ. ಆ ಮಾತನ್ನು ನಾನು ವಾರವಿಡೀ ಬಾಯಲ್ಲಿಟ್ಟುಕೊಂಡು ಓಡಾಡಿದೆ. ಸೊಪ್ಪು ಕೊಯ್ಯುವಾಗ ಅದೇ, ಹಿಕ್ಕೆ ತೆಗೆಯುವಾಗ ಅದೇ. ದಿನದಿಂದ ದಿನಕ್ಕೆ ಅದು ದೊಡ್ಡದಾಗುತ್ತಾ ಹೋಯಿತು. ಅಕ್ಕ ಅಲ್ಲಿ ಸುಖವಾಗಿಲ್ಲ, ಬಾಯಿ ಬಿಟ್ಟು ಹೇಳಲಾರಳು, ನಾನೇ ಹೋಗಬೇಕು. ಹೀಗೆ ನಾನೇ ತೀರ್ಮಾನ ಮಾಡಿಕೊಂಡೆ. ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿಟ್ಟು, ಅದರ ಮೇಲೆ ಅವ್ವನ ಹಳೇ ಸೀರೆ ಸುತ್ತಿ, ಮೆತ್ತಗೆ ಮಾಡಿ ಹಗ್ಗದಲ್ಲಿ ಕಟ್ಟಿದೆ. ನೀನು ಕೂರಲಿಕ್ಕೆ.

ಬಸ್ಸಿನಲ್ಲಿ ಬರಬಹುದಿತ್ತಲ್ಲ ಅಂತ ಕೇಳುತ್ತೀಯ. ಬಸ್ಸು ಹತ್ತಿದರೆ ರಾಮನಗರ ಮುಟ್ಟುವುದರೊಳಗೆ ನನ್ನ ಹೊಟ್ಟೆ ಬಾಯಿಗೆ ಬರುತ್ತದೆ, ಅದು ನಿನಗೆ ಗೊತ್ತಿರುವುದೇ. ಇನ್ನೊಂದು ಕಾರಣವೂ ಇದೆ. ಬಸ್ಸಿನಲ್ಲಿ ಬಂದರೆ ನಾನು ನೆಂಟಳು. ಸೈಕಲ್ಲಿನಲ್ಲಿ ಬಂದರೆ ಕರೆದುಕೊಂಡು ಹೋಗಲು ಬಂದವಳು. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಅದೇ ಸೈಕಲ್ಲು, ಬ್ರೇಕು ಹಿಡಿದರೆ ಕೀಂಯ್ ಅನ್ನುತ್ತದಲ್ಲ, ಅದೇ.

ಕತ್ತಲು ಹರಿಯುವ ಮುಂಚೆ ಹೊರಟೆ. ಎಂಥಾ ಮಂಜು ಅಕ್ಕ! ಮುಂದಿನ ಚಕ್ರ ಕಾಣುತ್ತಿರಲಿಲ್ಲ. ರಸ್ತೆ ಇದೆ ಅಂತ ನಂಬಿ ತುಳಿಯುತ್ತಿದ್ದೆ, ತುಳಿದಷ್ಟೂ ರಸ್ತೆ ಒಂದಿಷ್ಟಿಷ್ಟೇ ಬಿಚ್ಚಿಕೊಳ್ಳುತ್ತಿತ್ತು. ತೆಂಗಿನ ಮರಗಳು ಬುಡವಿಲ್ಲದೆ ನಿಂತಿದ್ದವು. ಎಲ್ಲೋ ಹಾಲಿನ ಕ್ಯಾನು ಸದ್ದಾಗುತ್ತಿತ್ತು, ಕ್ಯಾನು ಹೊತ್ತವರು ಕಾಣುತ್ತಿರಲಿಲ್ಲ. ರಾಮನಗರ ಹತ್ತಿರವಾದಾಗ ನೂಲು ತೆಗೆಯುವ ಮನೆಗಳ ಬೇಯಿಸಿದ ಗೂಡಿನ ವಾಸನೆ ಮೊದಲು ಬಂತು, ಆಮೇಲೆ ಬೆಟ್ಟಗಳು ಬಂದವು. ಮಂಜಿನ ಮೇಲೆ ಬರೀ ತಲೆ. ನಮ್ಮ ಹುಳಗಳ ಹಾಗೆ ತಲೆ ಎತ್ತಿಕೊಂಡು ಮಲಗಿದ್ದವು. ಇವಕ್ಕೂ ಜ್ವರ, ಇವೂ ಪೊರೆ ಬಿಟ್ಟು ಏಳುತ್ತವೆ, ಎದ್ದು ಈ ಊರಿನ ಸೊಪ್ಪನ್ನೆಲ್ಲ ತಿಂದುಬಿಡುತ್ತವೆ ಅಂತ ಅನ್ನಿಸಿತು. ಸದ್ದಾಗಬಾರದು ಅಂತ ನಾನು ಬೆಲ್ಲು ಹೊಡೆಯದೆ ಊರು ದಾಟಿದೆ.

ನನ್ನ ಕಾಲೇಜಿನ ಗೇಟು ಮುಚ್ಚಿತ್ತು. ಫಸ್ಟ್ ಪಿಯುನಲ್ಲಿ ಅವತ್ತು ಮೇಷ್ಟ್ರು ಎಲ್ಲರಿಗೂ ಅರ್ಥ ಆಯ್ತಾ ಅಂದಾಗ ಎಲ್ಲರೂ ತಲೆ ಆಡಿಸಿದರು. ನಾನು ಎದ್ದು ನಿಂತು, ಜೂನ್‌ನಿಂದ ನನಗೆ ಒಂದೂ ಅರ್ಥ ಆಗಿಲ್ಲ ಸಾರ್ ಅಂದೆ. ಮೂಲೆಯ ಹುಡುಗರು ನಕ್ಕರು, ಮೇಷ್ಟ್ರು ಹೊರಗೆ ನಿಲ್ಲು ಅಂದರು, ನಾನು ಹೊರಗೆ ನಿಲ್ಲದೆ ಮನೆಗೇ ಬಂದುಬಿಟ್ಟೆ. ಎಲ್ಲರೂ ಉಗಿದರು. ನೀನು ಮಾತ್ರ, ಅವಳು ಇನ್ನೇನು ಸುಳ್ಳು ಹೇಳಬೇಕಿತ್ತಾ ಅಂತ ಕೇಳಿದೆ. ಗೇಟಿನ ಮುಂದೆ ಹೋಗುವಾಗ ಅದು ನೆನಪಾಯಿತು. ನನ್ನ ಪರ ಮಾತಾಡುವವಳು ನಮ್ಮೂರಿಂದ ಎಪ್ಪತ್ತು ಕಿಲೋಮೀಟರ್ ಆಚೆ ಇದ್ದಾಳೆ ಅಂತ ಇನ್ನೂ ಜೋರಾಗಿ ತುಳಿದೆ.

ಇಲ್ಲಿಯ ತನಕ ದಿನ ಚೆನ್ನಾಗಿತ್ತು. ಆಮೇಲೆ ಕೆಟ್ಟಿತು.

ಮಾಗಡಿ ರಸ್ತೆಯಲ್ಲಿ ಒಂದು ತಿರುವು ದಾಟಿದೆ, ರಸ್ತೆಯ ತುಂಬ ರಾಗಿ ತೆನೆ ಹರಡಿದ್ದರು. ಲಾರಿ ಬಸ್ಸು ಓಡಾಡಿ ಒಕ್ಕಣೆ ಆಗಲಿ ಅಂತ. ಬ್ರೇಕು ಹಿಡಿದೆ, ಕೀಂಯ್ ಅಂದಿತೇ ಹೊರತು ನಿಲ್ಲಲಿಲ್ಲ. ಹುಲ್ಲು ಚೈನಿಗೆ ಸುತ್ತಿಕೊಂಡು, ಸೈಕಲ್ಲು ಒಂದು ಕಡೆ, ನಾನು ರಾಗಿಯೊಳಗೆ ಒಂದು ಕಡೆ. ಮೊಣಕಾಲು ಕೆತ್ತಿಹೋಯಿತು. ಒಕ್ಕಣೆಯ ಹೆಂಗಸು ಓಡಿ ಬಂದರು, ನನ್ನನ್ನು ಎತ್ತಲಿಕ್ಕೆ ಅಂದುಕೊಂಡೆ. ಅವರು ನೋಡಿದ್ದು ರಾಗಿಯನ್ನು. "ಲಾರಿ ಹೋದ್ರೆ ರಾಗಿ ಉದುರ್ತದೆ, ನೀನು ಬಿದ್ರೆ ಏನಮ್ಮಿ ಉದುರ್ತದೆ? ಏಳು ಮ್ಯಾಕೆ!" ಅಂದರು. ಆಮೇಲೆ ರಕ್ತ ನೋಡಿ ತಮ್ಮ ಸೆರಗಿನಲ್ಲೇ ಒರೆಸಿ, ಚೈನಿನ ಹುಲ್ಲನ್ನು ಕುಡುಗೋಲಿನ ತುದಿಯಿಂದ ಕಿತ್ತುಕೊಟ್ಟರು.

ಏರು ಶುರುವಾದಲ್ಲಿ ಇಳಿದು ತಳ್ಳುತ್ತಿದ್ದೆ. ಹಿಂದಿನಿಂದ ಬಸ್ಸು ಬಂತು, ತುಂಬ ಹೆಂಗಸರು. ಕಿಟಕಿಯಿಂದ ಒಬ್ಬಳು ತಲೆ ಹಾಕಿ, "ಏನಮ್ಮೋ, ಬಸ್ಸು ಪುಕ್ಕಟೆ ಕಣೆ, ಯಾರೂ ಹೇಳ್ಲಿಲ್ವಾ ನಿಂಗೆ?" ಅಂತ ಕೂಗಿದಳು. ಇಡೀ ಬಸ್ಸು ನಕ್ಕಿತು. ಆ ನಗು ತಿರುವಿನ ಆಚೆ ಹೋದಮೇಲೂ ಸ್ವಲ್ಪ ಹೊತ್ತು ಮರಗಳ ನಡುವೆ ಇತ್ತು. ನನಗೂ ನಗು ಬಂತು. ಒಬ್ಬಳೇ ನಗುತ್ತಾ ತಳ್ಳಿದೆ.

ಏರಿನ ಮೇಲೆ ಹಿಂದಿನ ಚಕ್ರ ಪಂಕ್ಚರ್. ಬಿಸಿಲು ನೆತ್ತಿಯ ಕಡೆ ಹೊರಟಿತ್ತು. ತಳ್ಳಿಕೊಂಡೇ ಹೋಗಿ ಹೋಗಿ, ಒಂದು ಊರಿನ ಅಂಚಿನಲ್ಲಿ ಟೈರು ನೇತುಹಾಕಿದ ಅಂಗಡಿ ಸಿಕ್ಕಿತು. ಪಂಕ್ಚರ್ ಹಾಕುವವರು ಹೆಂಗಸು, ಮುನವ್ವರಾ ಅಂತ. ಟ್ಯೂಬು ನೀರಿಗೆ ಅದ್ದುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲಿಂದ ಅಂದರು, ಅಕ್ಕೂರಿಂದ ಅಂದೆ. ಎಲ್ಲಿಗೆ ಅಂದರು, ಸೋಲೂರಿಗೆ ಅಂದೆ. ಟ್ಯೂಬು ಕೈಬಿಟ್ಟರು. ಯಾಕೆ ಅಂದಾಗ, ನಮ್ಮಕ್ಕನನ್ನು ಕರೆದುಕೊಂಡು ಬರೋಕೆ ಅಂದೆ. ಕ್ಯಾರಿಯರ್ ಮೇಲಿನ ಗಂಟು ಮುಟ್ಟಿ ನೋಡಿ, "ಇದರ ಮ್ಯಾಲೆ? ಅಷ್ಟು ದೂರ? ನಿಮ್ಮಕ್ಕ ಏನು ಹತ್ತಿ ದಿಂಬಾ?" ಅಂದರು. ನಿನ್ನ ತೂಕ ಹೇಳಿದೆ. ಕ್ಷಮಿಸು, ಕೇಳಿದರು, ಹೇಳಿದೆ. ಆಮೇಲೆ ಅವರು ಟ್ಯೂಬನ್ನು ಉಜ್ಜುತ್ತಾ ಒಂದು ಮಾತು ಕೇಳಿದರು. "ಕರಿಯೋಕ್ ಹೊಂಟಿದೀಯಲ್ಲ, ಅವಳು ಬತ್ತೀನಿ ಅಂದವ್ಳಾ?"

ನಾನು ಕ್ಯಾರಿಯರ್ ಮೇಲಿನ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದೆ. ಇಲ್ಲ ಅನ್ನಬೇಕಿತ್ತು.

ಅಂಗಡಿಯ ಮುಂದಿನ ಹೊಂಗೆಮರದ ಕೆಳಗೆ, ಅಂಟು ಒಣಗುವ ತನಕ ಅಂತ ಕೂತವಳು ಹಾಗೇ ಮಲಗಿಬಿಟ್ಟೆ. ಕನಸು ಬಿತ್ತು. ರಸ್ತೆ ರೇಷ್ಮೆ ಎಳೆಯ ಹಾಗೆ ಸಣ್ಣಗೆ ಹೊಳೆಯುತ್ತಾ ಮುಂದೆ ಮುಂದೆ ಹೋಗುತ್ತಿದೆ. ನೀನು ಹಿಂದೆ ಕೂತಿದ್ದೀಯ, ಒಂದಿಷ್ಟೂ ಭಾರವಿಲ್ಲ. ನಾನು ತುಳಿಯುತ್ತಲೂ ಇಲ್ಲ. ಬೆಟ್ಟಗಳು ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿವೆ. ನೀನು ನನ್ನ ಬೆನ್ನಿಗೆ ಕೆನ್ನೆ ಒತ್ತಿ ಏನೋ ಹೇಳುತ್ತಿದ್ದೀಯ, ಗಾಳಿಗೆ ಕೇಳಿಸುತ್ತಿಲ್ಲ, ಇನ್ನೊಂದ್ಸಲ ಹೇಳು ಅಂತೀನಿ, ನೀನು ಹೇಳುತ್ತೀಯ, ಮತ್ತೆ ಕೇಳಿಸುವುದಿಲ್ಲ. ನನಗೆ ಬೇಜಾರೂ ಇಲ್ಲ. ಊರು ಬರಬಾರದು, ಹೀಗೇ ಹೋಗುತ್ತಿರಬೇಕು ಅನ್ನಿಸುತ್ತಿತ್ತು. ಎಚ್ಚರವಾದಾಗ ನೆರಳು ನನ್ನನ್ನು ಬಿಟ್ಟು ಆ ಕಡೆ ಹೋಗಿತ್ತು, ಮುಖ ಸುಡುತ್ತಿತ್ತು. ಮುನವ್ವರಾ ಬೈದರು. ಎಬ್ಬಿಸಿದರೂ ಏಳಲಿಲ್ಲವಂತೆ, "ಇನ್ನೊಂದ್ಸಲ ಹೇಳು" ಅಂತ ನಿದ್ದೆಯಲ್ಲೇ ಗೊಣಗಿದೆನಂತೆ.

ಮಾಗಡಿ ದಾಟಿದ್ದು ಸರಿಯಾಗಿ ನೆನಪಿಲ್ಲ. ಎದುರುಗಾಳಿ. ಸಾವನದುರ್ಗ ಎಷ್ಟು ತುಳಿದರೂ ಅಲ್ಲೇ ನಿಂತಿತ್ತು, ನಾನು ನಿಂತಲ್ಲೇ ಚಕ್ರ ತಿರುಗಿಸುತ್ತಿದ್ದೇನೆ ಅನ್ನುವ ಹಾಗೆ. ಚಪ್ಪಲಿಯ ಉಂಗುಷ್ಟ ಕಿತ್ತು, ಒಂದು ಕಾಲು ಬರಿಗಾಲು. ಸೋಲೂರು ಬಂದಾಗ ಹೊತ್ತು ಆಗಲೇ ಇಳಿಮುಖವಾಗಿತ್ತು.

ನೇರ ಬಾಗಿಲಿಗೆ ಬರಲಿಲ್ಲ. ಮುಖ ತೊಳೆದುಕೊಂಡು ಬರೋಣ ಅಂತ ತೆಂಗಿನ ತೋಟದ ಹಿಂದಿನ ದಾರಿ ಹಿಡಿದೆ. ನಿಮ್ಮ ಹುಳದ ಮನೆಯ ಹಿಂಭಾಗ ಅಲ್ಲೇ ಬರುತ್ತದಲ್ಲ. ಕಿಟಕಿಗೆ ನೊಣದ ಬಲೆ ಕಟ್ಟಿದ್ದಿರಿ. ನಲ್ಲಿಯ ಹತ್ತಿರ ಬಗ್ಗಿದಾಗ ನಿನ್ನ ದನಿ ಕೇಳಿತು. ಬಲೆಗೆ ಮುಖ ಹತ್ತಿರ ಇಟ್ಟು ನೋಡಿದೆ.

ಹುಳ ಹಣ್ಣಾಗಿದ್ದವು. ನಿಮ್ಮವು ನಮ್ಮವಕ್ಕಿಂತ ಎಷ್ಟೋ ದಿನ ಮುಂದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಳಗೆ ಬೆಳಕೆಲ್ಲ ಜೇನಿನ ಬಣ್ಣ. ನೀನು ಸೀರೆ ಎತ್ತಿ ಕಟ್ಟಿ, ಹಣ್ಣಾದ ಹುಳ ಆರಿಸಿ ಆರಿಸಿ ಗೂಡು ಕಟ್ಟಲಿಕ್ಕೆ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆ. ನಿನ್ನ ಕೈಯಲ್ಲಿ ಹುಳ ಬೆಳಗುತ್ತಿದ್ದವು. ಆ ಬಲೆಯ ಮಸುಕಿನಲ್ಲಿ ನೀನು ನೀರಿನ ಕೆಳಗೆ ಇದ್ದ ಹಾಗೆ ಕಾಣುತ್ತಿದ್ದೆ. ಪಕ್ಕದಲ್ಲಿ ಕೆಂಪರಾಜು ಭಾವ. ಅವರು ಒಂದು ಹಿಡಿ ಹುಳ ಒಂದೇ ಕಡೆ ಸುರಿದಿದ್ದಕ್ಕೆ ನೀನು, "ಏನ್ರೀ ಇದು, ಕಡ್ಲೆಪುರಿ ಸುರ್ದಂಗೆ ಸುರೀತಿದೀರ! ಒಸಿ ಬುಡಿಸಿ ಬುಡಿಸಿ ಬುಡಿ" ಅಂದೆ. ಭಾವ, "ಅಕ್ಕೂರಿನೋರು ಬಂದು ನಮಗೆ ಹುಳ ಬುಡೋದು ಕಲಿಸೋ ಕಾಲ ಬಂತಪ್ಪ" ಅಂದರು. ಅದಕ್ಕೆ ನೀನು ಹೇಳಿದ್ದು ಅಕ್ಷರಕ್ಷರ ನೆನಪಿದೆ. "ಅಕ್ಕೂರಿನ ಕಥೆ ಬುಡಿ, ಅಲ್ಲಿ ಹೆಂಗೆಂಗೋ ಬುಡ್ತಾರೆ. ನಮ್ಮನೇಲಿ ಹಂಗೆಲ್ಲ ನಡಿಯಲ್ಲ."

ಆಮೇಲೆ ನೀನು ನಕ್ಕೆ. ಕೆರೆ ಏರಿಯ ಮೇಲೆ ನಗುತ್ತಿದ್ದೆಯಲ್ಲ, ಹೊಟ್ಟೆ ಹಿಡಿದುಕೊಂಡು, ಅದೇ ನಗು.

ನಮ್ಮನೇಲಿ ಅಂದೆ. ಅಲ್ಲಿ ಅಂದರೆ ನಾವು.

ನಾನು ಅಲ್ಲೇ ನಿಂತಿದ್ದೆ. ಬೇಜಾರು ಅಂತ ಹೇಳಲಾರೆ. ಕನಸಿನಲ್ಲಿ ಕೇಳಿಸದೇ ಇದ್ದ ಮಾತು ಎಚ್ಚರದಲ್ಲಿ ಕೇಳಿಸಿದರೆ ಹೇಗಿರುತ್ತದೋ ಹಾಗಿತ್ತು. ಇನ್ನೂ ನಿಜ ಬರೆಯಬೇಕು ಅಂದರೆ, ನೀನು ಅಲ್ಲಿ ಸುಖವಾಗಿಲ್ಲ ಅಂತ ನಾನು ನಂಬಿದ್ದಷ್ಟೇ ಅಲ್ಲ, ಹಾಗೆ ಇರಲಿ ಅಂತ ಆಸೆಪಟ್ಟಿದ್ದೆ. ಅದು ನನಗೆ ಆ ಬಲೆಯ ಮುಂದೆ ನಿಂತಾಗಲೇ ಗೊತ್ತಾಯಿತು.

ನಿಮ್ಮ ಶಿವಲಿಂಗಮ್ಮತ್ತೆ ಮಂಕರಿ ಹಿಡಿದುಕೊಂಡು ಈ ಕಡೆ ಬಂದರು. ನನ್ನನ್ನು ನೋಡಿ, "ಅಯ್ಯೋ ನವ್ಯಾ! ಇದೇನ್ ಕೂಸೆ ಈ ಅವತಾರ?" ಅಂತ ಒಂದು ಹೆಜ್ಜೆ ಮುಂದೆ ಬಂದವರು ಅಲ್ಲೇ ನಿಂತರು. ಹುಳದ ಮನೆಯವರು ಹುಳದ ಮನೆಯವರನ್ನು ಮೊದಲು ಕೇಳುವುದು ಒಂದೇ ಅಲ್ಲವಾ. "ನಿಮ್ಮನೇಲಿ ಹುಳ ಚೆಂದಾಗವಾ?" ಅಂದರು.

ಸುಣ್ಣಕಟ್ಟು ಬಂದೈತೆ ಅತ್ತೆ, ಅಂದೆ.

ಹುಳ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿಗಿದುಕೊಂಡು ಸಾಯುವ ಆ ರೋಗದ ಹೆಸರು ಕೇಳಿದರೆ ಯಾರು ತಾನೇ ಹತ್ತಿರ ಬರುತ್ತಾರೆ? ಅದು ಬಟ್ಟೆಯಲ್ಲಿ, ಕಾಲಿನ ಧೂಳಿನಲ್ಲಿ, ಗಾಳಿಯಲ್ಲಿ ಬರುತ್ತದೆ. ಅವರ ಮುಖ ಸಣ್ಣಗಾಯಿತು. "ಒಳಿಕ್ಕೆ ಬರಬ್ಯಾಡ ಕಣವ್ವ, ಬೇಜಾರು ಮಾಡ್ಕಬ್ಯಾಡ. ಹುಳ ಹಣ್ಣಾಗವೆ. ಲತನ್ನ ಆಚಿಕ್ಕೆ ಕರುದ್ರೆ ಅವಳು ನಿನ್ನ ತಬ್ಕೊಂಬುಡ್ತಾಳೆ, ಆಮ್ಯಾಕೆ ಅವಳನ್ನೂ ಒಳಿಕ್ಕೆ ಬುಡಂಗಿಲ್ಲ" ಅಂದರು. ಪಾಪ, ಅವರ ಕಣ್ಣಲ್ಲಿ ನೀರಿತ್ತು. ಕರೆಯಬೇಡಿ ಅತ್ತೆ, ಕೆಲಸ ಮುಗಿಯುವ ತನಕ ಹೇಳಲೂ ಬೇಡಿ ಅಂದೆ.

ಮುದ್ದೆ, ಅವರೆಕಾಳಿನ ಸಾರು ತಂದು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಅಷ್ಟು ದೂರ ಹೋಗಿ ನಿಂತು, ತಿನ್ನು ಅಂದರು. ಮೊಣಕಾಲಿಗೆ ಅರಿಶಿನದ ಪೊಟ್ಟಣ ಎಸೆದರು. ತಮ್ಮ ಚಪ್ಪಲಿ ಬಿಟ್ಟು ದೂರದಿಂದಲೇ ನನ್ನ ಕಡೆ ತಳ್ಳಿದರು, ಹಾಕ್ಕೊಂಡೋಗು ಅಂತ. ನಾನು ತಿಂದೆ. ಅಷ್ಟು ರುಚಿಯಾದ ಸಾರು ನಮ್ಮವ್ವನೂ ಮಾಡುವುದಿಲ್ಲ, ಅವ್ವನಿಗೆ ಇದನ್ನು ಹೇಳಿದ್ದೇನೆ. ಒಳಗೆ ನಿನ್ನ ದನಿ ಹೋಗುತ್ತಾ ಬರುತ್ತಾ ಇತ್ತು. ಅತ್ತೆ ರಸ್ತೆಗೆ ಹೋಗಿ, ರಾಮನಗರಕ್ಕೆ ಖಾಲಿ ಚಂದ್ರಿಕೆ ಹೇರಿಕೊಂಡು ಹೊರಟಿದ್ದ ಗುರುತಿನವರ ಟೆಂಪೋ ನಿಲ್ಲಿಸಿದರು, ಸೈಕಲ್ಲು ಮೇಲೆ ಹಾಕಿಸಿದರು. ಟೆಂಪೋ ಹೊರಟಾಗ ಹಿಂದಿರುಗಿ ನೋಡಿದೆ. ನಾನು ನಿಂತಿದ್ದ ಜಾಗಕ್ಕೆ, ನನ್ನ ಸೈಕಲ್ಲಿನ ಗಾಲಿಯ ಗುರುತಿನ ಮೇಲೆ, ಅತ್ತೆ ಮೊರದಿಂದ ಸುಣ್ಣದ ಪುಡಿ ಉದುರಿಸುತ್ತಿದ್ದರು. ಬೆಳ್ಳನೆಯ ಹೊಗೆ ಅವರ ಸುತ್ತ ಎದ್ದಿತ್ತು. ಮುಂಜಾನೆಯ ಮಂಜಿನಲ್ಲಿ ಯಾರೋ ನಿಂತ ಹಾಗೆ ಕಾಣುತ್ತಿದ್ದರು, ಆಮೇಲೆ ಕಾಣಲಿಲ್ಲ.

ಟೆಂಪೋದ ಹಿಂದೆ ಚಂದ್ರಿಕೆಗಳ ನಡುವೆ ಕೂತೆ. ಬಿದಿರಿನ ಆ ಸುತ್ತು ಸುತ್ತುಗಳಲ್ಲಿ ಹಳೇ ಗೂಡಿನ ಎಳೆಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು, ಗಾಳಿಗೆ ಮಿನುಗುತ್ತಿದ್ದವು. ಬೆಳಿಗ್ಗೆಯಿಂದ ಒಂದೊಂದೇ ಗೇಣು ಅಳೆದುಕೊಂಡು ಬಂದ ರಸ್ತೆ ಸರ್ರನೆ ಹಿಂದಕ್ಕೆ ಸುತ್ತಿಕೊಂಡು ಹೋಯಿತು. ಅವ್ವನ ಸೀರೆ ಸುತ್ತಿದ ಗೋಣಿಯನ್ನು ಬಿಚ್ಚಿ ತಲೆಗಿಟ್ಟುಕೊಂಡೆ. ಮೆತ್ತಗಿತ್ತು ಅಕ್ಕ. ನೀನು ಕೂತಿದ್ದರೆ ನಿನಗೆ ನೋಯುತ್ತಿರಲಿಲ್ಲ.

ರಾಮನಗರದಲ್ಲಿ ಇಳಿದು, ತುಳಿದುಕೊಂಡು ಮನೆಗೆ ಬಂದಾಗ ದೀಪ ಹಚ್ಚಿದ್ದರು. ಎಲ್ಲಿ ಸತ್ತಿದ್ದೆ ಅಂತ ಅವ್ವ ಪೊರಕೆ ತೆಗೆದುಕೊಂಡಳು, ಮೊಣಕಾಲು ನೋಡಿ ಪೊರಕೆ ಇಟ್ಟಳು. ಹುಳ ಇನ್ನೂ ಮಲಗಿದ್ದವು. ನಿನ್ನೆ ಮಧ್ಯಾಹ್ನ ಎದ್ದವು, ಈಗ ಹೊಸ ಮೈ ಹೊತ್ತು ಸೊಪ್ಪು ಕೇಳುತ್ತಿವೆ. ಹೋಗಿ ಹಾಕಬೇಕು.

ಭಾವನಿಗೆ ಹೇಳು, ಹುಳವನ್ನು ಕಡ್ಲೆಪುರಿಯ ಹಾಗೆ ಸುರಿಯಬಾರದು ಅಂತ. ಅದು ಅಕ್ಕೂರಿನಲ್ಲೂ ಹಾಗೇ.

ಮೊಣಕಾಲಿಗೆ ಅರಿಶಿನ ಮೆತ್ತಿಕೊಂಡು, ನಿಮ್ಮತ್ತೆಯ ಚಪ್ಪಲಿ ಮೆಟ್ಟಿಕೊಂಡು ಕೂತಿರುವ
ನಿನ್ನ ತಂಗಿ
ನವ್ಯಶ್ರೀ

ತಾ.ಕ.: ಸುಣ್ಣಕಟ್ಟು ಬಂದಿಲ್ಲ ಅಕ್ಕ. ನಮ್ಮ ಒಂದು ಹುಳಕ್ಕೂ ಏನೂ ಆಗಿಲ್ಲ. ಅತ್ತೆ ಕೇಳಿದಾಗ ನೀನು ಒಳಗೆ ಇನ್ನೂ ನಗುತ್ತಿದ್ದೆ. ಚೆನ್ನಾಗಿವೆ ಅಂದಿದ್ದರೆ ಕಾಲು ತೊಳೆಸಿ, ಬಟ್ಟೆ ಬದಲಾಯಿಸಿ, ಒಳಗೆ ಕರೆಯುತ್ತಿದ್ದರು. ನೀನು ತಬ್ಬಿಕೊಂಡು, ಯಾಕೆ ಬಂದೆ ಅಂತ ಕೇಳುತ್ತಿದ್ದೆ. ನಿನಗೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಅವರಿಗೆ ಹೇಳಿದೆ. ಇವತ್ತು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಒಂದು ಚೀಲ ಇಳಿಸಿ ಹೋದ. ಹುಳದ ಹಾಸಿಗೆಗೆ ಹಾಕುವ ಔಷಧಿ ಪುಡಿ, ಕಾಯಿಲೆ ಬಂದ ನಮ್ಮ ಹುಳಗಳಿಗೆ ಅಂತ ನಿಮ್ಮತ್ತೆ ಕಳಿಸಿದ್ದು. ಇದು ಯಾಕೆ ಅಂತ ಅಪ್ಪ ಕೇಳಿದ. ಹೇಳಿದೆ. ಬೈಯಲಿಲ್ಲ. ಚೀಲವನ್ನು ನನ್ನ ಮುಂದೆ ಇಟ್ಟು, "ನೀನೇ ಎತ್ಕೊಂಡೋಗಿ ಕೊಟ್ಟು, ಅವರ ಮುಖ ನೋಡಿ ಹೇಳ್ಬುಟ್ಟು ಬಾ" ಅಂದ. ನಮ್ಮ ಹುಳ ಚಂದ್ರಿಕೆ ಹತ್ತಿದ ಮೇಲೆ ಬಸ್ಸಿನಲ್ಲಿ ಬರುತ್ತೇನೆ, ವಾಂತಿಯಾದರೆ ಆಗಲಿ. ಅತ್ತೆಗೆ ನೀನು ಮೊದಲೇ ಏನೂ ಹೇಳಬೇಡ. ನಾನು ಹೇಳುವಾಗ ಮಾತ್ರ ನನ್ನ ಪಕ್ಕದಲ್ಲಿ ನಿಂತಿರು.